ನಾಯಿಗೆ ಹೆದರುವ ತಂಗಿ

“ನಾಯಿಗಳನ್ನ ಹಿಡ್ಕೊಳ್ರಪ್ಪಾ, ಅಕ್ಕನ ತಂಗಿ ಬಂದ್ರು,” ಎಂದು ಯಾರೋ ಹೇಳಿದ್ದೇ ತಡ, ಅಂಗಳದಲ್ಲಿ ನೆರೆದಿದ್ದವರೆಲ್ಲ ತಂತಮ್ಮ ನಾಯಿಗಳನ್ನು ಎಳೆದುಕೊಂಡು ಗೋಡೆಯ ಕಡೆ ಸರಿದರು. ಒಬ್ಬ ಮುದುಕರಂತೂ ಮೂರು ಕಾಲಿನ ತಮ್ಮ ನಾಯಿಯನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡರು. ಕೈಯಲ್ಲಿ ಹೂವು ಹಿಡಿದು ಗೇಟು ದಾಟಿದ ತಂಗಿಗೆ ತಲೆಬುಡ ತಿಳಿಯಲಿಲ್ಲ.

“ಏನಿದು, ಮಂತ್ರಿ ಬಂದ ಹಾಗೆ ದಾರಿ ಬಿಡ್ತಿದಾರೆ?” ಬೆನ್ನ ಹಿಂದೆ ಗಂಡ ಪಿಸುಗುಟ್ಟಿದ.

ಸತ್ತವಳು ಅವಳ ಅಕ್ಕ, ಇಲ್ಲಿಯವರೆಲ್ಲರ ಬಾಯಲ್ಲೂ ಅಕ್ಕನೇ. ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವಳು, ನಿವೃತ್ತಿಯಾದ ಮೇಲೆ ಈ ಪ್ರಾಣಿಗಳ ಆಸರೆಯ ಹಿಂದಿನ ಕೋಣೆಗೇ ಬಂದು ಉಳಿದಿದ್ದಳು. ಸುತ್ತಮುತ್ತಲಿನವರು ಸೇರಿ ನಡೆಸುವ ಜಾಗ ಅದು. ಕುಂಟು, ಕುರುಡು, ಮುದಿ ಎಂದು ಯಾವ ಪ್ರಾಣಿಗೂ ಅಲ್ಲಿ ಮದ್ದು ಚುಚ್ಚಿ ಕಥೆ ಮುಗಿಸುವುದಿಲ್ಲ. ಸಾಕುತ್ತೇವೆಂದು ಬಂದವರಿಗೆ ಕೊಡುತ್ತಾರೆ, ಯಾರೂ ಬರದಿದ್ದರೆ ಕೊನೆತನಕ ಇಟ್ಟುಕೊಳ್ಳುತ್ತಾರೆ. ಅಕ್ಕ ಹಳೆಯ ಹೊದಿಕೆಗಳನ್ನು ಹೊಲಿದು ನಾಯಿಗಳಿಗೆ ಹಾಸಿಗೆ ಮಾಡುತ್ತಿದ್ದಳು, ಅದರ ಮೇಲೆ ಬಂದು ಮಲಗುವ ಬೆಕ್ಕುಗಳಿಗೆ ಬೈಯುತ್ತಿದ್ದಳು. ನಿನ್ನೆ ಮಧ್ಯಾಹ್ನ ಸೂಜಿಗೆ ದಾರ ಪೋಣಿಸುತ್ತ ಕೂತವಳು ಹಾಗೇ ಹೋಗಿಬಿಟ್ಟಳು.

ಅವಳನ್ನು ಮಲಗಿಸಿದ್ದ ಹಜಾರದಲ್ಲಿ, ನಾಯಿಗಳಿಗೆ ಅಡುಗೆ ಮಾಡುವ ಹೆಂಗಸು ಕುರ್ಚಿ ತಂದಿಟ್ಟಳು. “ಕೂತ್ಕೊಳಿ ಅಮ್ಮ. ಹೆದರಬೇಡಿ, ಬಾಗಿಲು ಹಾಕಿದೀನಿ, ಒಂದೂ ಒಳಗೆ ಬರಲ್ಲ.”

“ನಾನ್ಯಾಕೆ ಹೆದರಲಿ?”

“ನಾಯಿ ಕಂಡ್ರೆ ನಿಮಗೆ ಜೀವ ಬಾಯಿಗೆ ಬರುತ್ತಂತಲ್ಲ. ಅಕ್ಕ ಹೇಳಿದಾರೆ. ನೀವು ಫೋನ್ ಮಾಡಿದ್ರೆ ಸಾಕು, ತಂಗಿ ಬರ್ತಿದಾಳೆ, ಒಳಗೆ ಕಟ್ಟಿ ಅಂತ ನಮ್ಮ ಹಿಂದೆ ಬೀಳೋರು.”

ಫೋನ್ ಮಾಡದೆ ಬರಬೇಡ ಎಂದು ಅಕ್ಕ ಕಟ್ಟುನಿಟ್ಟಾಗಿ ಹೇಳಿದ್ದು ನಿಜ. ಒಡಹುಟ್ಟಿದವಳನ್ನು ನೋಡಲೂ ಅಪ್ಪಣೆ ಬೇಕೇ ಎಂದು ತಂಗಿ ಸಿಕ್ಕವರ ಮುಂದೆಲ್ಲ ಮೂತಿ ಉಬ್ಬಿಸಿದ್ದಳು. ನಾಯಿಗೆ ಹೆದರುವ ಮಾತಂತೂ ಶುದ್ಧ ಸುಳ್ಳು. ಇಲ್ಲಿಂದಲೇ ಅವಳು ಒಂದು ನಾಯಿಯನ್ನು ಮನೆಗೆ ಕರೆದೊಯ್ದಿದ್ದಳು.

* * *

ಐದಾರು ವರ್ಷದ ಹಿಂದಿನ ಮಾತು. ಒಂದು ಕಣ್ಣಿನ ಸುತ್ತ ಬಿಳಿ ಮಚ್ಚೆಯಿದ್ದ ಕಪ್ಪು ನಾಯಿ. ಆವತ್ತು ಬೆಳಿಗ್ಗೆಯಷ್ಟೇ ಅಕ್ಕನಿಗೆ ಸಿಕ್ಕಿತ್ತು, ಅವಳ ಕೋಣೆಯಿಂದಾಚೆ ಬೇರೆ ಯಾರೂ ಇನ್ನೂ ಕಂಡಿರಲಿಲ್ಲ. ಚುಕ್ಕಿ ಎಂದು ತಂಗಿಯೇ ಹೆಸರಿಟ್ಟಳು.

“ನಿನ್ನ ಕೈಲಿ ಆಗುತ್ತೇನೇ?” ಎಂದು ಅಕ್ಕ ಕೇಳಿದ್ದಳು.

“ನಿನ್ನ ಕೈಲಿ ಆಗೋದು ನನ್ನ ಕೈಲಿ ಯಾಕಾಗಲ್ಲ?”

“ಆಗದಿದ್ರೆ ವಾಪಸ್ ತಂದುಬಿಡು. ಇಲ್ಲಿ ಯಾರನ್ನೂ ಯಾಕೆ ಅಂತ ಕೇಳಲ್ಲ.”

ಆಗಲಿಲ್ಲ. ಚುಕ್ಕಿ ಸೋಫಾ ಕಿತ್ತಿತು, ರಾತ್ರಿಯೆಲ್ಲ ಊಳಿಟ್ಟಿತು, ಕೆಳಗಿನ ಮನೆಯವರು ಜಗಳಕ್ಕೆ ಬಂದರು. ಮರಳಿ ತರಬಹುದಿತ್ತು. ಆದರೆ ಅಷ್ಟೆಲ್ಲ ಜಂಬ ಕೊಚ್ಚಿಕೊಂಡ ಮೇಲೆ ಅಕ್ಕನ ಮುಂದೆ ಸೋತು ನಿಲ್ಲುವುದು ಹೇಗೆ? ಒಂದು ಭಾನುವಾರ ಬೆಳಿಗ್ಗೆ ಕಾರಿನ ಹಿಂದಿನ ಬಾಗಿಲು ತೆರೆದು, “ಹತ್ತು ಚುಕ್ಕಿ, ಸುತ್ತಾಡಿ ಬರೋಣ,” ಎಂದಳು. ಗಂಡ ಕಾರು ನಡೆಸಿದ. ಊರಾಚೆ ಲಾರಿಗಳು ನಿಲ್ಲುವ ಕಡೆ ಬಾಗಿಲು ತೆರೆದು ಇಳಿಸಿ, ಮತ್ತೆ ಬಾಗಿಲು ಹಾಕಿಕೊಂಡರು. ಅವಳು ಹಿಂತಿರುಗಿ ನೋಡಲಿಲ್ಲ.

ಅಕ್ಕನಿಗೆ ಹೇಳಿದ್ದು ಬೇರೆ: ಗೇಟು ತೆರೆದಿತ್ತು, ಓಡಿಹೋಯಿತು. ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದಳು. ದಿನವೂ ಸಂಜೆ ಇಬ್ಬರೂ ಬೀದಿ ಬೀದಿ ಸುತ್ತಿದರು. ಚುಕ್ಕಿ ಅಲ್ಲಿಲ್ಲವೆಂದು ಚೆನ್ನಾಗಿ ಗೊತ್ತಿದ್ದೂ ತಂಗಿ ಅಕ್ಕನಿಗಿಂತ ಜೋರಾಗಿ ಹೆಸರು ಹಿಡಿದು ಕೂಗಿದಳು. ಅದನ್ನು ನೆನೆದರೆ ಈಗಲೂ ಅವಳಿಗೆ ತನ್ನ ದನಿಯ ಮೇಲೇ ಹೇಸಿಗೆ. ಆಮೇಲೊಂದು ದಿನ ಅಕ್ಕ ಫೋನ್ ಮಾಡಿ, “ಇನ್ನು ಹುಡುಕೋದು ಬೇಡ ಬಿಡು,” ಎಂದಳು. ಬದುಕಿದೆಯಾ ಬಡಜೀವವೇ ಎಂದು ತಂಗಿ ಉಸಿರುಬಿಟ್ಟಳು. ಯಾಕೆ ಬೇಡ ಎಂದು ಕೇಳುವ ಗೋಜಿಗೇ ಹೋಗಲಿಲ್ಲ.

* * *

ಯಾರೋ ಒಳಬರಲು ಹಜಾರದ ಬಾಗಿಲು ತೆರೆದಾಗ, ಕಾಲುಗಳ ನಡುವೆ ನುಸುಳಿ ಒಂದು ನಾಯಿ ಬಂತು. ಮೂತಿ ನರೆತಿತ್ತು, ಹಿಂಗಾಲು ಎಳೆಯುತ್ತಿತ್ತು. ಅಕ್ಕನ ಪಾದ ಮೂಸಿ, ತಲೆಯೆತ್ತಿತು. ಒಂದು ಕಣ್ಣಿನ ಸುತ್ತ ಬಿಳಿ ಮಚ್ಚೆ.

“ಅಯ್ಯೋ, ಅಜ್ಜಮ್ಮನ್ನ ಯಾರು ಬಿಟ್ಟಿದ್ದು?” ಅಡುಗೆಯವಳು ಧಾವಿಸಿದಳು. “ಬೇರೆಯವು ತಪ್ಪಿಸ್ಕೊಂಡ್ರೂ ಪರವಾಗಿಲ್ಲ, ಇವಳು ಮಾತ್ರ ತಂಗಿ ಕಣ್ಣಿಗೆ ಬೀಳಬಾರದು ಅನ್ನೋರು ಅಕ್ಕ.”

ಅಷ್ಟರಲ್ಲಿ ಅಜ್ಜಮ್ಮ ತಂಗಿಯ ಮಡಿಲಿಗೆ ಮುಂಗಾಲು ಹಾಕಿ, ಮರಿಯ ಹಾಗೆ ಕುಂಯ್‌ಗುಡುತ್ತ, ಅವಳ ಕೈ, ಮೊಣಕೈ, ಗಲ್ಲ ಎಲ್ಲ ನೆಕ್ಕುತ್ತಿತ್ತು.

“ನೋಡಿ ಆಶ್ಚರ್ಯ. ಇವಳು ಹೊಸಬರ ಹತ್ರ ಸುಳಿಯೋದೇ ಇಲ್ಲ. ರಕ್ತ ಒಂದೇ ಅಲ್ವಾ, ಅಕ್ಕನ ವಾಸನೆ ಬಂದಿರಬೇಕು.”

ತಂಗಿ ಆ ಬಿಳಿ ಮಚ್ಚೆಯನ್ನು ಬೆರಳಿಂದ ಸವರಿದಳು. “ಎಲ್ಲಿ ಸಿಕ್ತು ಇದು?”

“ಊರಾಚೆ, ಲಾರಿ ನಿಲ್ಲೋ ಕಡೆ. ಯಾರೋ ಪುಣ್ಯಾತ್ಮರು ಕಾರಿಂದ ಇಳಿಸಿ ಹೋದ್ರಂತೆ, ಚಹಾ ಅಂಗಡಿಯವನು ನೋಡಿದ್ದ. ಅಕ್ಕನೇ ಹೋಗಿ ತಂದ್ರು. ಅವರ ಮನೆ ಹಾಳಾಗ ಅಂತ ನಾನು ಶಾಪ ಹಾಕಿದ್ರೆ ನನಗೇ ಬೈದ್ರು. ಅವರಿಗೇನು ಕಷ್ಟ ಇತ್ತೋ, ಸುಮ್ನಿರು ಅಂತ.”

ತಂಗಿಯ ಮುಖಕ್ಕೆ ಬೆಂಕಿ ಹಿಡಿದಂತಾಯಿತು. ಅಕ್ಕನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ, ತಂಗಿ ತಲೆತಗ್ಗಿಸದಿರಲೆಂದು ಇಷ್ಟು ವರ್ಷ ಒಂದು ನಾಯಿಯನ್ನು ಬಚ್ಚಿಟ್ಟಿದ್ದಳು, ಎಲ್ಲರಿಗೂ ಸುಳ್ಳು ಹೇಳಿದ್ದಳು. ಆ ಸುಳ್ಳನ್ನೇ ಹೊದ್ದು ಈಗಲೂ ಮನೆಗೆ ಹೋಗಬಹುದು, ಕೇಳುವವರು ಯಾರೂ ಉಳಿದಿಲ್ಲ. ಹೋಗಿಬಿಡೋಣವೆಂದು ಅವಳಿಗೆ ಆಸೆಯೂ ಆಯಿತು. ಅದಕ್ಕೂ ನಾಚಿಕೆಯಾಯಿತು.

“ಇವಳನ್ನ ನಾನು ಕರ್ಕೊಂಡು ಹೋಗ್ತೀನಿ,” ಎಂದಳು.

“ಈಗ ಯಾಕೆ ಬೇಕಿತ್ತು ಇದೆಲ್ಲ,” ಎಂದು ಗಂಡ ಹಲ್ಲು ಕಚ್ಚಿದ. ಆದರೆ ಸುದ್ದಿ ಆಗಲೇ ಅಂಗಳ ಮುಟ್ಟಿತ್ತು. ನಾಯಿಗೆ ಹೆದರುವವಳು ಅಕ್ಕನಿಗಾಗಿ ಮುದಿ ನಾಯಿ ಸಾಕುತ್ತಾಳಂತೆ! ಮೂರು ಕಾಲಿನ ನಾಯಿಯ ಮುದುಕರು ಕಣ್ಣೊರೆಸಿಕೊಂಡು, “ಅಕ್ಕನ ತಂಗಿ ಅಂದ್ರೆ ಸುಮ್ನೇನಾ,” ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. ತಂಗಿ ಆ ಕೈಯ ಕೆಳಗೆ ಕುಗ್ಗಿಹೋದಳು, ಬಾಯಿ ಮಾತ್ರ ಬಿಡಲಿಲ್ಲ.

ಅಕ್ಕನನ್ನು ಎತ್ತಿ ವಾಹನದಲ್ಲಿ ಇಟ್ಟಾಯಿತು. ಹಿಂದೆ ಹೋಗುವ ಕಾರುಗಳು ಸಾಲಾಗಿ ನಿಂತವು. ಅಜ್ಜಮ್ಮ ತಂಗಿಯ ಕಾಲಿಗೆ ಅಂಟಿಕೊಂಡೇ ಗೇಟಿನವರೆಗೆ ಬಂತು. ಅವಳು ಕಾರಿನ ಹಿಂದಿನ ಬಾಗಿಲು ತೆರೆದಳು.

ನಾಯಿ ನಿಂತಿತು.

“ಬಾ ಅಜ್ಜಮ್ಮ.” ಕದಲಲಿಲ್ಲ. ಅಡುಗೆಯವಳು ಕೊರಳಿಗೆ ಕಟ್ಟಿಕೊಟ್ಟಿದ್ದ ಹಗ್ಗ ಎಳೆದಳು. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿತು. ಎಲ್ಲರೂ ನೋಡುತ್ತಿದ್ದರು. ಗಡಿಬಿಡಿಯಲ್ಲಿ ಅವಳ ಬಾಯಿಂದ ಹಳೆಯ ಮಾತೇ ಹೊರಬಿತ್ತು: “ಹತ್ತು ಚುಕ್ಕಿ.”

ಅಜ್ಜಮ್ಮನ ಮೈ ಗಡಗಡ ನಡುಗಿತು. ಮಲಗಿದ್ದಲ್ಲೇ ಉಚ್ಚೆ ಹೊಯ್ದುಕೊಂಡಿತು.

ಅಲ್ಲಿದ್ದವರು ವರ್ಷಗಟ್ಟಲೆ ಇಂಥ ನಾಯಿಗಳ ಜೊತೆ ಬಾಳಿದವರು. ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬೊಬ್ಬರೇ ನಾಯಿಯಿಂದ ಕಣ್ಣು ತೆಗೆದು ತೆರೆದ ಬಾಗಿಲನ್ನು ನೋಡಿದರು, ಸ್ಟಿಯರಿಂಗ್ ಹಿಡಿದು ಎದುರಿಗೇ ದೃಷ್ಟಿ ನೆಟ್ಟಿದ್ದ ಗಂಡನನ್ನು ನೋಡಿದರು, ಆಮೇಲೆ ಅವಳನ್ನು.

“ಚುಕ್ಕಿ ಅಂದ್ರಾ?” ಅಡುಗೆಯವಳು ಕೇಳಿದಳು.

“ನಾನೇ,” ಎಂದಳು ತಂಗಿ. “ನಾನೇ ಬಿಟ್ಟುಬಂದಿದ್ದು.”

ಅವಳು ಕಾರಿನ ಬಾಗಿಲು ಹಾಕಿದಳು. ಬಾಗಿಲು ಮುಚ್ಚಿದ್ದೇ ನಾಯಿ ಎದ್ದು ಮೈ ಕೊಡವಿತು. ಒದ್ದೆ ಹೊಟ್ಟೆಯಲ್ಲೇ ಹತ್ತಿರ ಬಂದು, ಎಲ್ಲರ ಎದುರಿಗೆ, ಬಾಲ ಆಡಿಸುತ್ತ ಅವಳ ಅಂಗೈ ನೆಕ್ಕತೊಡಗಿತು.