ಮುಖ ಕೊನೆಗೆ

ನಮ್ಮೂರ ಪತ್ರಿಕೆಯ ವ್ಯಂಗ್ಯಚಿತ್ರಕಾರ ಮನುಷ್ಯರನ್ನು ಕೆಳಗಿನಿಂದ ಓದುತ್ತಿದ್ದ. ಎದುರಿಗೆ ಮಂತ್ರಿ ಬರಲಿ, ಹೆಣ್ಣು ಕೊಟ್ಟ ಮಾವ ಬರಲಿ, ಮೊದಲು ಪಾದರಕ್ಷೆಯ ದರ್ಶನ, ಹಿಮ್ಮಡಿ ಯಾವ ಕಡೆ ಸವೆದಿದೆ, ತುದಿ ಯಾವ ದಿಕ್ಕಿಗೆ ಮೂತಿ ತಿರುಗಿಸಿದೆ ಎಂದು ಪರಾಂಬರಿಸಿ, ಆಮೇಲೆ ನಿಧಾನವಾಗಿ ಕತ್ತೆತ್ತಿ, "ಓ, ನೀವಾ!" ಎನ್ನುತ್ತಿದ್ದ. ಅವನು ಬೆಳೆದ ನೆಲಮಾಳಿಗೆಯ ಕೋಣೆಯ ಕಿಟಕಿಯಲ್ಲಿ ಬೀದಿ ಎಂದರೆ ಬರೀ ಕಾಲುಗಳು. ಮನೆಗೆ ಬರುವ ಅಪ್ಪನನ್ನೂ ಕಾಲಿನಿಂದಲೇ ಗುರುತಿಸುತ್ತಿದ್ದನಂತೆ. ಚಿತ್ರವೂ ಕಾಲಿನಿಂದಲೇ ಆರಂಭ, ಮುಖ ಕೊನೆಗೆ. "ಮುಖಕ್ಕೆ ಸುಳ್ಳು ಹೇಳೋ ಅಭ್ಯಾಸ ಇದೆ ಕಣ್ರೀ, ಕಾಲಿಗೆ ಯಾರೂ ಕಲಿಸಿರಲ್ಲ" ಎಂಬುದು ಅವನ ಶಾಸ್ತ್ರ. ಊರು ಅವನನ್ನು ಮೆಟ್ಟಣ್ಣ ಎಂದೇ ಕರೆಯಿತು.

ಗುಡಿಸಲುವಾಸಿಗಳ ಪರವಾದ ನಮ್ಮ ಚಳವಳಿಗೆ ಭಿತ್ತಿಪತ್ರ ಬರೆಯುತ್ತಿದ್ದವನು ಪತ್ರಿಕೆ ಸೇರಿ, ಮುಖಪುಟದ ಒಂದು ಮೂಲೆಯನ್ನು ತನ್ನ ಸಾಮ್ರಾಜ್ಯ ಮಾಡಿಕೊಂಡ. ಕಿಸೆಯಲ್ಲಿ ಶಾಯಿ ಸೋರಿ ನಕಾಶೆಯಾಗಿದ್ದ ಕೋಟು, ಕುಂಚದ ಹಿಂತುದಿಯಿಂದ ಕಿವಿ ಕೆರೆಯುವ ಚಟ. ಪಕ್ಕದ ಮೇಜಿನಲ್ಲಿ ಕರಡು ತಿದ್ದುತ್ತಿದ್ದವಳು ಅವನ ಹೆಂಡತಿ. ಅಡಿಬರಹವಿಲ್ಲದ ಚಿತ್ರವನ್ನು ಅವಳ ಮುಂದೆ ಹಿಡಿಯುತ್ತಿದ್ದ, "ಇದ್ಯಾರ್ರೀ?" ಎಂದಳೋ, ಅಲ್ಲೇ ಹರಿದುಹಾಕುತ್ತಿದ್ದ.

ಆ ವರ್ಷ ನದಿ ಉಕ್ಕಿ ಗುಡಿಸಲುಗಳು ಮುಳುಗಿದವು. ಪರಿಹಾರಕ್ಕಾಗಿ ನಾವು ಬೀದಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದರೆ, ಕಾಲು ಹೊರಳಿಸಿ ನಡೆಯುವ ನಮ್ಮ ಮಂತ್ರಿಮಹೋದಯರು ಬೂಟು ಒದ್ದೆಯಾದೀತೆಂದು ಪೇದೆಯೊಬ್ಬನ ಹೆಗಲೇರಿ ನೆರೆ ವೀಕ್ಷಿಸಿದರು. ಅಂದು ಸಂಜೆ ಹೇಳಿಕೆ ಕೊಡಲು ನಾನು ಪತ್ರಿಕೆಯ ಕಚೇರಿಗೆ ಹೋದಾಗ, ಸಂಪಾದಕ ಬೆವರೊರೆಸುತ್ತ ಮೆಟ್ಟಣ್ಣನ ಮುಂದೆ ನಿಂತಿದ್ದ.

"ಅಣ್ಣಾ, ಮಾಲೀಕರ ಆಜ್ಞೆ. ನಾಳೆ ಮಂತ್ರಿಗಳ ಮುಖ ಬರಬಾರದು. ಬಂದ್ರೆ ನಿನ್ನ ಮೂಲೇನೂ ಇಲ್ಲ, ಕೆಲಸಾನೂ ಇಲ್ಲ."

"ಮುಖ ತಾನೇ? ಆಯ್ತು ಬಿಡಪ್ಪ."

ನನಗೆ ಮೈಯೆಲ್ಲ ಉರಿಯಿತು. "ಥೂ, ಇಷ್ಟೇನಾ ನಿನ್ನ ಕೆಚ್ಚು?"

"ಘೋಷಣೆ ಕೂಗೋನೇ, ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೋ. ಕಾಲು ಒಣಗಲಿ."

ಶಾಯಿ ಒಣಗಿತು. ಚಿತ್ರದ ತುಂಬ ನೀರು. ನಡುವೆ ಕತ್ತಿನವರೆಗೆ ಮುಳುಗಿದ ಪೇದೆ. ಅವನ ಹೆಗಲ ಮೇಲೆ, ಎರಡು ಕಿವಿಗಳ ಆಚೀಚೆ, ಕನ್ನಡಿಯಂತೆ ಮಿರುಗುತ್ತ, ಬಾತುಕೋಳಿಯ ಪಾದದಂತೆ ಹೊರಕ್ಕೆ ತಿರುಗಿದ ಎರಡು ಬೂಟು. ಮಂಡಿಯ ಮೇಲೆ ಚೌಕಟ್ಟು ಮುಗಿದಿತ್ತು. ಹೆಂಡತಿ ಕೆಂಪು ಪೆನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು: "ಅಯ್ಯೋ, ಈ ಪುಣ್ಯಾತ್ಮ ಕೊನೆಗೂ ನೀರಿಗೆ ಇಳೀಲೇ ಇಲ್ವಲ್ರೀ!" ಸಂಪಾದಕನಿಗೂ ನಗು ತಡೆಯಲಾಗಲಿಲ್ಲ. "ಮುಖ ಎಲ್ಲಿದೆ ತೋರ್ಸಿ ಅಂತ ಮಾಲೀಕರನ್ನೇ ಕೇಳ್ತೀನಿ" ಎಂದು ಅಚ್ಚಿಗೆ ಕಳಿಸಿದ.

ಮರುದಿನದ ಮೆರವಣಿಗೆಗೆ ಘೋಷಣೆಯೇ ಬೇಕಾಗಲಿಲ್ಲ. ಮುದುಕಿಯರಿಂದ ಹಿಡಿದು ಹಮಾಲಿಗಳವರೆಗೆ ಜನವೆಲ್ಲ ಪಾದ ಹೊರಳಿಸಿಕೊಂಡು ಬಾತುಕೋಳಿಗಳಂತೆ ನಡೆಯಿತು. ತಡೆಯಲು ನಿಂತ ಪೇದೆಗಳ ಮೀಸೆಯಡಿಯಲ್ಲೂ ನಗೆ. ವಾರದೊಳಗೆ ಪರಿಹಾರದ ಆದೇಶ ಬಂತು. ಜೊತೆಗೆ ಮಂತ್ರಿಯಿಂದ ಪತ್ರಿಕೆಗೆ ಫೋನೂ ಬಂತು: "ಇನ್ಮೇಲೆ ಮುಖಾನೇ ಹಾಕಿ ಸ್ವಾಮಿ, ಹೋದಲ್ಲೆಲ್ಲ ಜನ ನನ್ನ ಕಾಲು ನೋಡ್ತಾರೆ!"

ಮೂಲೆ ಉಳಿಯಿತು. ನಾವು ವಿಜಯೋತ್ಸವದ ವೇದಿಕೆ ಹತ್ತಿದ ಮರುದಿನ ಆ ಮೂಲೆಯಲ್ಲಿ ಒಂದೇ ಕುರ್ಚಿ, ಅದರತ್ತ ಓಡುವ ಹತ್ತಾರು ಕಾಲು. ಎಲ್ಲಕ್ಕಿಂತ ಮುಂದೆ, ಕಿತ್ತ ಪಟ್ಟಿಗೆ ಪಿನ್ನು ಚುಚ್ಚಿದ ನನ್ನದೇ ಚಪ್ಪಲಿ!

"ನಮ್ಮೋನಾಗಿ ನಮ್ಮನ್ನೇ ಹೀಗಾ?" ಎಂದು ಕೂಗಾಡಿದೆ.

"ನಿಂದೂ ಕಾಲೇ ತಾನೇ ಮಾರಾಯ, ಒಂದೇ ಕಡೆ ನಿಲ್ಲೋಕೆ ಮರದ ಬೇರಲ್ವಲ್ಲ" ಎಂದು ಕಿವಿ ಕೆರೆದುಕೊಂಡ.

ವ್ಯಂಗ್ಯಚಿತ್ರಕಾರರೆಂಬ ಈ ಜಾತಿಯವರು ಯಾರ ಹಿಂಬಾಲಕರೂ ಅಲ್ಲ, ಎಲ್ಲರ ಹಿಂದೆಯೂ ಇರುತ್ತಾರೆ. ಪೀಠ ಎಷ್ಟೇ ಎತ್ತರವಿರಲಿ, ಕೂತವನ ಕಾಲು ಕೆಳಕ್ಕೇ ತೂಗುತ್ತದೆ. ಅದನ್ನು ಮೊದಲು ಕಾಣುವ ಕಣ್ಣು ಇವರದು. ಊರಿಗೆ ಇಂಥವನೊಬ್ಬನಿದ್ದರೆ ಸಾಕು, ಮಂತ್ರಿಯೂ ಹೋರಾಟಗಾರನೂ ಬಗ್ಗಿ ಒಮ್ಮೆ ತಮ್ಮ ಕಾಲು ನೋಡಿಕೊಂಡೇ ಮನೆಯಿಂದ ಹೊರಡುತ್ತಾರೆ.