ಸೀಲಮ್ಮ ಹೋಲಿಸಿ ನೋಡದ ನಕಲು

ಲೈಸೆನ್ಸ್ ಕಚೇರಿಯ ದಾಖಲೆ ಕೋಣೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸೀಲಮ್ಮ ಎಂದು. ಯಾವ ನಕಲೇ ಇರಲಿ, ಅದನ್ನು ಮೂಲ ರಿಜಿಸ್ಟರಿನ ಪಕ್ಕದಲ್ಲಿಟ್ಟು, ಸಾಲಿನ ಕೆಳಗೆ ಮರದ ಸ್ಕೇಲು ಹಿಡಿದು, ಒಬ್ಬರು ಗಟ್ಟಿಯಾಗಿ ಓದಿ ಇವಳು ಕಣ್ಣಾಡಿಸಿದ ಮೇಲೆಯೇ ‘ಮೂಲದೊಂದಿಗೆ ಹೋಲಿಸಿ ನೋಡಲಾಗಿದೆ’ ಎಂಬ ಸೀಲು ಬೀಳುತ್ತಿತ್ತು. ಸೀಲು ಬಿದ್ದ ಕಾಗದವನ್ನು ಕೋರ್ಟು ಕಣ್ಣುಮುಚ್ಚಿ ನಂಬುತ್ತಿತ್ತು. ಸೀಲಮ್ಮ ಹಸುಗೂಸನ್ನು ನೋಡಲು ಹೋದರೂ ತಾಯಿಯನ್ನು ಪಕ್ಕಕ್ಕೆ ನಿಲ್ಲಿಸಿ ಹೋಲಿಸುತ್ತಾಳೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು.

ಅವಳ ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಎತ್ತಿನ ಗಾಡಿಗೂ ದಾರಿ ಬಿಟ್ಟುಕೊಡುವ ಪ್ರಾಣಿ. ಆದರೂ ಹೆಂಡತಿ ಪಕ್ಕದ ಸೀಟಿನಲ್ಲಿ ಕೂತಳೆಂದರೆ, "ರೀ, ನಿಧಾನ! ರೀ, ಬ್ರೇಕ್ ಹಾಕ್ರೀ! ಅಯ್ಯೋ, ನಿಮ್ಗೆ ಲೈಸೆನ್ಸ್ ಕೊಟ್ಟೋರ್ಯಾರು?" ಎಂದು ಶುರು. ಮೇಷ್ಟ್ರಿಗೆ ಅದು ರೇಡಿಯೋ ಇದ್ದಹಾಗೆ ಅಭ್ಯಾಸವಾಗಿತ್ತು.

ಒಂದು ದಿನ ಶಿಷ್ಯಳೊಬ್ಬಳು ಸರ್ಕಲ್ಲಿನ ನಟ್ಟನಡುವೆ ಗಾಡಿ ನಿಲ್ಲಿಸಿ ಅಳುತ್ತ ಕೂತಳು. ಮೇಷ್ಟ್ರು ತಾವೇ ಸ್ಟೀರಿಂಗ್ ಹಿಡಿದು ಗಾಡಿಯನ್ನು ಬದಿಗೆ ತಂದರು. ಟ್ರಾಫಿಕ್ ಪೊಲೀಸರು ಮೇಷ್ಟ್ರ ಲೈಸೆನ್ಸ್ ನಂಬರು ಬರೆದುಕೊಂಡು, ಕಚೇರಿಯಿಂದ ದಾಖಲೆ ತರಿಸಿದರು. ಬಂದ ನಕಲಿನಲ್ಲಿ, ಕುಡಿದು ಗಾಡಿ ಓಡಿಸಿದ್ದಕ್ಕೆ ಲೈಸೆನ್ಸ್ ಅಮಾನತಾಗಿದೆ ಎಂದಿತ್ತು. ಬಿಸಿ ಹಾಲು ಬಿಟ್ಟು ಬೇರೇನನ್ನೂ ಕುಡಿಯದ ಮನುಷ್ಯ! ಅಮಾನತಿನಲ್ಲಿದ್ದೂ ಗಾಡಿ ಓಡಿಸಿದ ಕೇಸು ಬಿತ್ತು. ಸಾಬೀತಾದರೆ ಸ್ಕೂಲಿಗೆ ಬೀಗ.

ಮೇಷ್ಟ್ರು ಆ ಕಾಗದವನ್ನು ಊಟದ ಮೇಜಿನ ಮೇಲಿಟ್ಟರು. ಕೆಳಗಿದ್ದ ಸಹಿ ಅವಳದೇ.

ಅವಳು ಕನ್ನಡಕ ಹಾಕಿಕೊಂಡಳು. ತಾರೀಖು ನೋಡಿದಳು. ಮೊಮ್ಮಗಳು ಹುಟ್ಟಿದ ದಿನ. ಅಂದು ಕಚೇರಿಯ ಹೊರಗೆ ಮೇಷ್ಟ್ರು ಹಾರ್ನ್ ಹೊಡೆಯುತ್ತಲೇ ಇದ್ದರು. ಇವಳು ಉಳಿದ ಕಂತೆಗೆಲ್ಲ ಟಪಟಪನೆ ಸೀಲು ಒತ್ತಿ ಓಡಿದ್ದಳು.

ಮರುದಿನ ರಿಜಿಸ್ಟರ್ ತೆಗೆದಳು. ಬಿಚ್ಚಿದರೆ ಬೆಡ್‌ಶೀಟಿನಷ್ಟು ಅಗಲ: ಎಡಪುಟದಲ್ಲಿ ಹೆಸರು, ಬಲಪುಟದಲ್ಲಿ ಅಪರಾಧ. ಝೆರಾಕ್ಸ್ ಮೆಷಿನ್ನಿಗೆ ಒಂದು ಸಲಕ್ಕೆ ಒಂದೇ ಪುಟ. ಮೇಷ್ಟ್ರ ಎಡಪುಟಕ್ಕೆ ಇನ್ಯಾರೋ ಕುಡುಕನ ಬಲಪುಟ ಪಿನ್ನಾಗಿ ಹೋಗಿತ್ತು. ಸ್ಕೇಲು ಹಿಡಿದಿದ್ದರೆ ಮೊದಲ ಸಾಲಿಗೇ ಸಿಕ್ಕಿಬೀಳುತ್ತಿತ್ತು.

"ಬಿಡೇ, ವಕೀಲ್ರನ್ನ ಇಟ್ಟು ಹೇಗೋ ನೋಡೋಣ," ಎಂದರು ಮೇಷ್ಟ್ರು. "ಅಷ್ಟು ಜನದ ಮುಂದೆ ನಿನ್ನ ಹೆಸರು ಕೆಡೋದು ಬೇಡ."

"ನಿಮ್ಮ ಸ್ಕೂಲ್ ಮುಚ್ಚಿಸಿ ನನ್ನ ಹೆಸರು ಇಟ್ಕೊಂಡು ಏನ್ ಮಾಡ್ಲಿ? ನನ್ನನ್ನ ಸಾಕ್ಷಿಗೆ ಕರೀರಿ," ಎಂದಳು. ಆ ರಾತ್ರಿ ಮಾತ್ರ ಅವಳಿಗೆ ನಿದ್ದೆ ಹತ್ತಲಿಲ್ಲ. ಆ ಸೀಲೇ ಅವಳ ಮಾನ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ನಕಲನ್ನು ಎತ್ತಿ ಹಿಡಿದರು. "ಸೀಲಿದೆ, ಸಹಿಯಿದೆ. ತಪ್ಪು ಅನ್ನೋರು ಸಾಬೀತು ಮಾಡ್ಲಿ."

ವಕೀಲರನ್ನು ಇಡದೆ ತಮ್ಮ ಕೇಸನ್ನು ತಾವೇ ನಡೆಸುತ್ತಿದ್ದ ಮೇಷ್ಟ್ರು ಎದ್ದರು. ಸಾಕ್ಷಿಕಟ್ಟೆಯಲ್ಲಿ ಹೆಂಡತಿ, ತೋಳಲ್ಲಿ ರಿಜಿಸ್ಟರ್. ಇಷ್ಟು ವರ್ಷದಲ್ಲಿ ಮೊದಲ ಸಲ ಪ್ರಶ್ನೆ ಕೇಳುವ ಸರದಿ ಅವರದಾಗಿತ್ತು.

"ಇದು... ತಮ್ಮ ಸಹಿನಾ?"

"ಹೌದು."

"ತಾವು ಇದನ್ನ ಮೂಲದ ಜೊತೆ..." ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು. ನೀರು ಕುಡಿದರು. ಮತ್ತೆ ಶುರು ಮಾಡಿ ಮತ್ತೆ ನಿಂತರು. ಅವರಿಂದ ಆಗಲಿಲ್ಲ.

"ಹೋಲಿಸಿ ನೋಡ್ಲಿಲ್ಲ ಸ್ವಾಮಿ," ಎಂದಳು ಅವಳೇ, ನ್ಯಾಯಾಧೀಶರ ಕಡೆ ತಿರುಗಿ. "ನೋಡಿದ್ದೀನಿ ಅಂತ ಸೀಲು ಹಾಕ್ದೆ. ತಪ್ಪು ನಂದು."

"ಯಾಕಮ್ಮ ನೋಡ್ಲಿಲ್ಲ?"

"ಮೊಮ್ಮಗಳು ಹುಟ್ಟಿದ್ಲು. ಹೊರಗಡೆ ಈ ಆರೋಪಿ ಒಂದೇ ಸಮ ಹಾರ್ನ್ ಹೊಡೀತಿದ್ರು."

ಇಡೀ ಕೋರ್ಟು ಗೊಳ್ಳೆಂದು ನಕ್ಕಿತು. ಸರ್ಕಾರಿ ವಕೀಲರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ನ್ಯಾಯಾಧೀಶರು ರಿಜಿಸ್ಟರ್ ಬಿಚ್ಚಿಸಿ ಎರಡೂ ಪುಟ ನೋಡಿ, ಕೇಸು ವಜಾ ಮಾಡಿದರು. "ಹಾರ್ನಿನದು ಬೇರೆ ಕೇಸು, ಅದನ್ನ ಮನೇಲಿ ಇತ್ಯರ್ಥ ಮಾಡ್ಕೊಳ್ಳಿ," ಎಂದು, ಫೈಲಿಗೆ ಸರಿಯಾದ ನಕಲು ಈಗಲೇ ಬೇಕೆಂದರು.

ಕೋರ್ಟಿನ ಕಚೇರಿಯಲ್ಲಿ ಝೆರಾಕ್ಸ್ ಆಯಿತು. ಅವಳು ಚೀಲದಿಂದ ಸ್ಕೇಲು, ಸೀಲು ಎರಡನ್ನೂ ತೆಗೆದಳು. "ಓದ್ರೀ."

ಮೇಷ್ಟ್ರು ಓದಿದರು. ತಮ್ಮ ಹೆಸರು. ನಂಬರು. "ಅಪರಾಧ: ಇಲ್ಲ. ಅಪಘಾತ: ಇಲ್ಲ. ದೂರು: ಇಲ್ಲ."

"ಇನ್ನೊಂದ್ ಸಲ ಓದಿ."

ಅವರು ಮತ್ತೆ ಓದಿದರು, ಈ ಸಲ ಸ್ವಲ್ಪ ಜೋರಾಗಿಯೇ. ಅವಳ ಕಣ್ಣು ತುಂಬಿ ಬಂತು. ನಾಳೆ ಮೇಲಿನವರಿಂದ ನೋಟೀಸು ಬರುವುದಿತ್ತು, ಬರಲಿ ಎಂದುಕೊಂಡಳು. ಪಕ್ಕದ ಸೀಟಿನಲ್ಲಿ ಕೂತು ಇಷ್ಟು ವರ್ಷ ಒಂದು ದಿನವೂ ಒಪ್ಪಿಕೊಳ್ಳದಿದ್ದ ಮಾತಿಗೆ ಅವಳು ಗಟ್ಟಿಯಾಗಿ ಸೀಲು ಒತ್ತಿ, ಸಹಿ ಹಾಕಿದಳು.