ಎರಡು ಸಲ ಕೂಡಿಸಿದ ಹತ್ತು

ಆ ಊರಿನಲ್ಲಿ ಸಿವಿಲ್ ಇಂಜಿನಿಯರುಗಳಿಗೇನೂ ಬರವಿರಲಿಲ್ಲ, ಬರವಿದ್ದದ್ದು ಕೆಲಸಕ್ಕೆ. ಬೀದಿಯಲ್ಲಿ ಕಲ್ಲೆಸೆದರೆ ಒಬ್ಬ ಇಂಜಿನಿಯರ್ ತಲೆಗೇ ಬೀಳುತ್ತದೆ, ಆದರೆ ಆ ಕಲ್ಲು ಕೂರಿಸೋಣವೆಂದರೆ ಒಂದು ಗೋಡೆಯಿಲ್ಲ ಎಂದು ಜನ ನಗುತ್ತಿದ್ದರು. ಪುರಸಭೆಯಲ್ಲಿದ್ದದ್ದು ಒಂದೇ ಕುರ್ಚಿ. ಅದರಲ್ಲಿ ಕೂತವರ ನಿವೃತ್ತಿಗೆ ಇನ್ನೂ ಒಂಬತ್ತು ವರ್ಷ, ಆರೋಗ್ಯವೋ ಕಲ್ಲುಗುಂಡು. ಇನ್ನು ಕೆಲಸ ಕೊಡಬಲ್ಲವರೆಂದರೆ ಊರಿಗೆ ಒಬ್ಬರೇ ಕಂಟ್ರಾಕ್ಟರ್.

ಊರಿನ ಗಾರೆ ಮೇಸ್ತ್ರಿಯ ಮಗಳು ಇಂಜಿನಿಯರಿಂಗ್ ಡಿಗ್ರಿ ಮುಗಿಸಿ ಹದಿನಾಲ್ಕು ತಿಂಗಳು ಅವರ ಬಾಗಿಲು ಸವೆಸಿದಳು. ಬೇರೆ ಊರಿಗೆ ಹೋಗಬಹುದಿತ್ತು, ಮನಸ್ಸಿರಲಿಲ್ಲ. ಅಪ್ಪ ಕಟ್ಟಿದ ಗೋಡೆಗಳ ನಡುವೆ ಬೆಳೆದವಳು, ತನ್ನದೂ ನಾಲ್ಕು ಗೋಡೆ ಇಲ್ಲೇ ನಿಲ್ಲಲಿ ಎಂದು ಅವಳಿಗೆ ಆಸೆ. ಕೊನೆಗೊಂದು ದಿನ ಕಂಟ್ರಾಕ್ಟರ್, "ಹದಿನೈದು ದಿನ ಪಂಪುಮನೆ ಕೆಲಸ ನೋಡ್ಕೊಳಮ್ಮ. ಸರಿ ಅನ್ನಿಸಿದ್ರೆ ಇಟ್ಕೋತೀನಿ. ನಿಮ್ಮಪ್ಪನ ಮುಖ ನೋಡಿ ಅಲ್ಲ, ಕೆಲಸ ನೋಡಿ" ಎಂದರು.

ಗೋಡೆ ಕಟ್ಟುವವನು ಅಪ್ಪನೇ. ಅವನ ಅಳತೆ ಟೇಪಿನ ತುದಿ ಎಂದೋ ಮುರಿದು ಮೊದಲ ಹತ್ತು ಸೆಂಟಿಮೀಟರ್ ಕಾಣೆಯಾಗಿತ್ತು. ಹೊಸದು ತಗೋ ಎಂದರೆ "ಕೈಗೆ ಒಗ್ಗಿದೆ ಬಿಡು" ಎನ್ನುತ್ತಿದ್ದ. ಹತ್ತರಿಂದ ಶುರುವಾಗುವ ಟೇಪು. ಮೂರು ಮೀಟರ್ ಬೇಕಿದ್ದರೆ ಮೂರು ಹತ್ತರಲ್ಲಿ, ಅಂದರೆ ಮೂರು ಮೀಟರ್ ಹತ್ತು ಸೆಂಟಿಮೀಟರಿನಲ್ಲಿ, ಗುರುತು ಹಾಕಬೇಕು, ಅಷ್ಟೇ. ಮನೆಯ ಕಪಾಟು ಅಳೆಯುವಾಗಲೂ ಹತ್ತು ಕೂಡಿಸಿಕೊಳ್ಳುವುದು ಅಮ್ಮನಿಗೂ ಮಗಳಿಗೂ ಉಸಿರಾಡಿದಷ್ಟೇ ಸಲೀಸು.

ಹದಿಮೂರು ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ಅವಳು ನಕ್ಷೆ ನೋಡಿ ಅಳತೆ ಕೂಗುವುದು, ಅಪ್ಪ ಗುರುತು ಹಾಕುವುದು. ಹದಿನಾಲ್ಕನೆಯ ದಿನ, ಗೋಡೆಗಳು ಪೂರ್ತಿ ಎದ್ದ ಮೇಲೆ, ವರದಿ ಬರೆಯೋಣವೆಂದು ತನ್ನ ಹೊಸ ಟೇಪು ಬಿಚ್ಚಿ ಅಳೆದಳು. ಕೋಣೆಯ ಅಗಲ ಮೂರು ಮೀಟರ್ ಇರಬೇಕಾದದ್ದು ಮೂರು ಹತ್ತಿದೆ. ಅಂಗಳದಲ್ಲಿ ಅಚ್ಚು ಹಾಕಿಟ್ಟ ಚಾವಣಿಯ ಸ್ಲ್ಯಾಬುಗಳು ಎರಡೂ ಗೋಡೆಯ ಮೇಲೆ ಹತ್ತತ್ತು ಸೆಂಟಿಮೀಟರ್ ಕೂರಬೇಕಿತ್ತು; ಇನ್ನು ಕೂರುವುದು ಐದೈದು ಮಾತ್ರ.

ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯದು, ಸೋಮವಾರ ಕೆಲಸ ಖಾಯಂ. ಆ ಆಸೆ ಅವಳಿಗೆ ಬಂದದ್ದು ನಿಜ, ಬಂದದ್ದಕ್ಕೆ ನಾಚಿಕೆಯಾದದ್ದೂ ನಿಜ. ನೆರಳಲ್ಲಿ ಟೀ ಕುಡಿಯುತ್ತಿದ್ದ ಅಪ್ಪನ ಹತ್ತಿರ ಹೋದಳು.

"ಅಪ್ಪಾ, ಅಗಲ ಹೇಳುವಾಗ ನಾನು ಹತ್ತು ಕೂಡಿಸಿಯೇ ಹೇಳಿದ್ದೆ."

ಅಪ್ಪ ಲೋಟ ಕೆಳಗಿಟ್ಟ. "ಅಯ್ಯೋ, ನಾನೂ ಕೂಡಿಸಿದ್ನಲ್ಲೇ!"

"ಮೂರು ಹತ್ತು ಅಂದ್ರೆ ಅನುಮಾನ ಬರ್ಲಿಲ್ವಾ?"

"ನೀನು ಓದಿದೋಳು, ನಕ್ಷೆ ನೋಡಿ ಹೇಳ್ತಿದ್ದೀಯ. ತಿರುಗಿ ಕೇಳಿದ್ರೆ ನಾಲ್ಕು ಜನರ ಮುಂದೆ ಚೆನ್ನಾಗಿರುತ್ತಾ ಅಂದ್ಕೊಂಡೆ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಭಯವಾಯಿತು. "ನೀನು ಬಾಯಿ ಬಿಡ್ಬೇಡ, ಟೇಪು ನಂದು ಅಂತೀನಿ. ಬೈಸ್ಕೊಳ್ಳೋದು ನನಗೇನು ಹೊಸದಾ?" ಎಂದ ಅಪ್ಪ.

ಸಂಜೆ ಕಂಟ್ರಾಕ್ಟರ್ ಬಂದರು. ಅಪ್ಪ ಬಾಯಿ ತೆರೆಯುವ ಮೊದಲೇ ಮಗಳು ಗೋಡೆಯ ವಿಷಯ ಹೇಳಿಬಿಟ್ಟಳು.

"ಯಾರ ತಪ್ಪು?"

"ನಂದು ಸಾರ್" ಎಂದಳು ಮಗಳು. "ನಂದು ಸಾರ್" ಎಂದ ಅಪ್ಪ. ಕುಂಬಳಕಾಯಿ ಕಳ್ಳ ಎಂದರೆ ಒಬ್ಬ ಹೆಗಲು ಮುಟ್ಟಿ ನೋಡಿಕೊಳ್ಳುವುದುಂಟು. ಇಲ್ಲಿ ಇಬ್ಬರೂ ಪೈಪೋಟಿಗೆ ಬಿದ್ದಿದ್ದರು.

ಕಂಟ್ರಾಕ್ಟರ್ ಗೋಡೆಯನ್ನೊಮ್ಮೆ ನೋಡಿ ತಲೆ ಕೆರೆದುಕೊಂಡರು. "ಐದೈದು ಕೂತ್ರೂ ಬೀಳಲ್ಲ ಬಿಡಿ. ನಾಳೆ ಸ್ಲ್ಯಾಬ್ ಎತ್ತಿಸಿ."

ಹೂಂ ಎಂದರೆ ಮುಗಿಯಿತು, ಹದಿನಾಲ್ಕು ತಿಂಗಳು ಕಾದದ್ದು ಕೈಗೆ ಬಂದಂತೆ. "ಬೀಳದೇ ಇರಬಹುದು ಸಾರ್. ಆದ್ರೆ ಪಂಪು ನಡೆಸೋನು ದಿನಾ ಅದರ ಕೆಳಗೇ ನಿಂತಿರ್ತಾನೆ. ನಾನು ಒಪ್ಪಲ್ಲ. ಒಂದು ಕಡೆ ಗೋಡೆ ಒಡೆದು ಮತ್ತೆ ಕಟ್ಟಬೇಕು" ಎಂದಳು. ಹೇಳಿ ಮುಗಿಸಿದಾಗ ಕೆಲಸ ಹೋಯಿತೆಂದೇ ಅವಳ ಎಣಿಕೆ.

ಕಂಟ್ರಾಕ್ಟರ್ ಗೋಡೆಯನ್ನೊಮ್ಮೆ ಕೈಯಿಂದ ತಟ್ಟಿದರು. ಆಮೇಲೆ ಅಪ್ಪನ ಕಡೆ ತಿರುಗಿದರು. "ಮೇಸ್ತ್ರಿ, ಸೋಮವಾರದಿಂದ ನೀವು ಈ ಹುಡುಗಿ ಹೇಳಿದ ಹಾಗೆ ಕೇಳ್ಬೇಕಾಗುತ್ತೆ. ಆಗುತ್ತಾ?"

"ಸೋಮವಾರದವರೆಗೆ ಯಾಕೆ ಸಾರ್?" ಎಂದ ಅಪ್ಪ. ಸುತ್ತಿಗೆ ಎತ್ತಿಕೊಂಡು ಮಗಳ ಎದುರು ಬಂದು ನಿಂತ.

"ಹೇಳಿ ಮೇಡಂ, ಎಲ್ಲಿಂದ ಒಡೀಲಿ?"